ಸಣ್ಣ ಕಾರ್ಡುಗಳ ದೊಡ್ಡ ಕಣಜ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಬಯಲುಸೀಮೆಯಲ್ಲಿ ಹಿಂದಿನ ಕಾಲದ ಒಕ್ಕಲು ಮನೆತನಗಳು ಜೋಳವನ್ನು ಹಗೇವುಗಳಲ್ಲಿ ಕಾಪಾಡುತ್ತಿದ್ದವು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಅದರ ಬಾಯಿ ಕಿರಿದು, ಒಡಲು ವಿಶಾಲ. ಒಳಮೈಗೆ ಹುಲ್ಲು ದಂಟುಗಳ ಹೊದಿಕೆಯನ್ನು ಕೊಟ್ಟು, ಕಾಳನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನು ಮುಚ್ಚಿ, ಅದರ ಮೇಲೆ ಮಣ್ಣನ್ನೆಳೆದುಬಿಟ್ಟರೆ ಒಳಗಿನ ಧಾನ್ಯವು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕವು ಕ್ರಮೇಣ ತೀರಿ ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುವುದರಿಂದ ಹುಳುಗಳು ಅಲ್ಲಿ ಬದುಕಲಾರವು. ಮಳೆ ಕೈಕೊಟ್ಟ ವರ್ಷ ಈ ನೆಲದೊಳಗಿನ ಗಂಟೇ ಮನೆತನಕ್ಕೆ ಆಧಾರವಾಗುತ್ತಿತ್ತು.

ಆದರೆ ಹಗೇವನ್ನು ತುಂಬಿಟ್ಟು ಮರೆಯುವಂತಿರಲಿಲ್ಲ. ಎಲ್ಲಿಯೋ ಒಂದು ಬಿರುಕಿನಿಂದ ನೀರು ಜಿನುಗಿದರೆ ಇಡೀ ಕಣಜದ ಕಾಳು ಮುಗ್ಗಿ ಹೋಗುತ್ತಿತ್ತು. ಬಾಯಿ ತೆರೆದೊಡನೆ ಅವಸರಪಟ್ಟು ಒಳಗಿಳಿದವನು ಕೆಟ್ಟ ಗಾಳಿಗೆ ಸಿಕ್ಕಿ ಪ್ರಾಣವನ್ನೇ ಕಳೆದುಕೊಳ್ಳುವ ಭಯವಿತ್ತು. ಅದಕ್ಕಾಗಿ ಮೊದಲು ದೀಪವನ್ನು ಇಳಿಬಿಟ್ಟು, ಅದು ಆರುವುದೋ ಉರಿಯುವುದೋ ಎಂದು ನೋಡುತ್ತಿದ್ದರು. ಕೂಡಿಡುವುದು ಒಂದು ಕಲೆಯಾದರೆ ಕೂಡಿಟ್ಟದ್ದನ್ನು ಕಾಯುವುದು ಇನ್ನೊಂದು ಕಲೆ. ಎರಡನೆಯದು ಮೊದಲನೆಯದಕ್ಕಿಂತ ಕಠಿಣವಾದುದು.

ಧಾನ್ಯಕ್ಕೆ ಸಲ್ಲುವ ಈ ಮಾತು ಜ್ಞಾನಕ್ಕೂ ಸಲ್ಲುತ್ತದೆ. ಮನುಷ್ಯನು ತಾನು ಕಂಡುದನ್ನು, ಕೇಳಿದುದನ್ನು, ಲೆಕ್ಕ ಹಾಕಿದುದನ್ನು ಕಲ್ಲಿನ ಮೇಲೆ, ತಾಮ್ರಪಟದ ಮೇಲೆ, ಓಲೆಗರಿಯ ಮೇಲೆ, ಕಾಗದದ ಮೇಲೆ ಬರೆದಿಡುತ್ತ ಬಂದನು. ಇಂದು ಅವುಗಳ ಸಾಲಿಗೆ ಉಗುರಿನಷ್ಟು ಅಗಲದ ಮೆಮರಿ ಕಾರ್ಡು ಬಂದು ಸೇರಿದೆ. ಹಳ್ಳಿಯ ಮನೆಮನೆಯ ಮೊಬೈಲಿನಲ್ಲಿ ಈ ಪುಟ್ಟ ಕಣಜವನ್ನು ಕಾಣಬಹುದು. ಮದುವೆಯ ಚಿತ್ರಗಳು, ಅಜ್ಜಿ ಹೇಳಿದ ಹಂತಿಯ ಪದಗಳು, ಪಹಣಿ ಪತ್ರದ ಛಾಯಾಪ್ರತಿ, ಮಕ್ಕಳ ಪಾಠ, ಇವೆಲ್ಲ ಅದರೊಳಗೆ ಅಡಗಿರುತ್ತವೆ. ಇಂತಹ ಹಲವು ಕಾರ್ಡುಗಳನ್ನು ಒಟ್ಟುಗೂಡಿಸಿ ಗಣಕಯಂತ್ರಕ್ಕೆ ಬೇಕಾದ ದೊಡ್ಡ ಸಂಗ್ರಾಹಕವನ್ನು ಕೈಯಿಂದಲೇ ಕಟ್ಟಬಹುದೆ? ಕಟ್ಟಿದರೆ ಅದನ್ನು ನಂಬಬಹುದೆ? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದರಿಂದ ಕಾಯುವ ಕಲೆಯ ಮರ್ಮವು ತಿಳಿದುಬರುತ್ತದೆ.

ತಿರುಗುವ ತಟ್ಟೆಯಿಂದ ತಿರುಗದ ಸಂಗ್ರಾಹಕಕ್ಕೆ

ಗಣಕಯಂತ್ರಕ್ಕೆ ಎರಡು ಬಗೆಯ ನೆನಪುಗಳುಂಟು. ಒಂದು, ವಿದ್ಯುತ್ತು ಇರುವವರೆಗೆ ಮಾತ್ರ ಉಳಿಯುವ ನೆನಪು. ಇನ್ನೊಂದು, ವಿದ್ಯುತ್ತು ಹೋದರೂ ಅಳಿಯದ ನೆನಪು. ಎರಡನೆಯ ಕೆಲಸಕ್ಕೆ ಬಹುಕಾಲ ಹಾರ್ಡ್ ಡಿಸ್ಕ್ ಎಂಬ ಸಾಧನವೇ ಆಧಾರವಾಗಿತ್ತು. ೧೯೫೬ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡು ಅಡಿ ವ್ಯಾಸದ ೫೦ ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಮುಂದೆ ತಟ್ಟೆಗಳು ಚಿಕ್ಕವಾದವು, ಹಿಡಿತವು ಅಪಾರವಾಗಿ ಬೆಳೆಯಿತು. ಆದರೂ ತಟ್ಟೆಯು ತಿರುಗುತ್ತಲೇ ಇರಬೇಕು. ಅದರ ಮೇಲೆ ಕೂದಲೆಳೆಗಿಂತ ಕಿರಿದಾದ ಅಂತರದಲ್ಲಿ ಓದುವ ಮೊನೆಯು ತೇಲುತ್ತಲೇ ಇರಬೇಕು. ಇಂತಹ ಸಾಧನಕ್ಕೆ ಕುಲುಕಾಟವೆಂದರೆ ಶತ್ರು.

ಚಲಿಸುವ ಭಾಗವೇ ಇಲ್ಲದ ಸಂಗ್ರಾಹಕವಿದ್ದರೆ ಎಷ್ಟು ಚೆನ್ನ! ಈ ಬಯಕೆಯು ಈಡೇರಿದುದು ಅರೆವಾಹಕ ವಿಜ್ಞಾನದಿಂದ. ೧೯೬೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಾವಾನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ವಿದ್ಯುದಂಶವನ್ನು ಬಂಧಿಸಿಡುವ ಒಂದು ಸೂಕ್ಷ್ಮ ಕೋಶವನ್ನು ರೂಪಿಸಿದರು. ಅದರ ಆಧಾರದ ಮೇಲೆ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಎಂಬ ಇಂಜಿನಿಯರು ೧೯೮೪ರಲ್ಲಿ ಹೊಸ ಬಗೆಯ ಸ್ಮೃತಿಯನ್ನು ಲೋಕಕ್ಕೆ ಪರಿಚಯಿಸಿದನು. ಒಂದು ಇಡೀ ಭಾಗವನ್ನು ಕ್ಷಣಮಾತ್ರದಲ್ಲಿ ಅಳಿಸುವ ಅದರ ಗುಣವು ಛಾಯಾಗ್ರಾಹಕನ ಬೆಳಕಿನ ಮಿಂಚನ್ನು ನೆನಪಿಗೆ ತಂದುದರಿಂದ ಅದಕ್ಕೆ 'ಫ್ಲ್ಯಾಶ್' ಎಂಬ ಹೆಸರಾಯಿತು. ೧೯೮೭ರಲ್ಲಿ ಅದರ ಇನ್ನೂ ಅಗ್ಗದ, ಇನ್ನೂ ದಟ್ಟವಾದ ರೂಪವೊಂದು ಹೊರಬಿದ್ದಿತು. ಇಂದಿನ ಮೆಮರಿ ಕಾರ್ಡುಗಳಲ್ಲಿರುವುದು ಆ ಎರಡನೆಯ ರೂಪವೇ.

೧೯೮೮ರಲ್ಲಿ ಅಮೆರಿಕದಲ್ಲಿ ಸನ್‌ಡಿಸ್ಕ್ ಎಂಬ ಸಂಸ್ಥೆಯು ಹುಟ್ಟಿತು. ಅದನ್ನು ಸ್ಥಾಪಿಸಿದ ಮೂವರಲ್ಲಿ ಕಾನ್ಪುರದಲ್ಲಿ ಜನಿಸಿದ ಸಂಜಯ ಮೆಹ್ರೋತ್ರಾ ಒಬ್ಬರು. ಮುಂದೆ ಸ್ಯಾನ್‌ಡಿಸ್ಕ್ ಎಂದು ಹೆಸರಾದ ಈ ಸಂಸ್ಥೆಯು ೧೯೯೧ರಲ್ಲಿ ಫ್ಲ್ಯಾಶ್ ಸ್ಮೃತಿಯಿಂದಲೇ ಮಾಡಿದ ಸಂಗ್ರಾಹಕವೊಂದನ್ನು ಹೊರತಂದಿತು. ಅದರ ಹಿಡಿತವು ೨೦ ಮೆಗಾಬೈಟ್ ಮಾತ್ರ; ಬೆಲೆಯೋ ಸುಮಾರು ಸಾವಿರ ಡಾಲರು. ತಿರುಗುವ ಭಾಗವಿಲ್ಲದ ಇಂತಹ ಸಾಧನಕ್ಕೆ ಸಾಲಿಡ್ ಸ್ಟೇಟ್ ಡ್ರೈವ್, ಚಿಕ್ಕದಾಗಿ ಎಸ್.ಎಸ್.ಡಿ., ಎಂದು ಹೆಸರು. ೧೯೯೪ರಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡೂ ೧೯೯೯ರಲ್ಲಿ ಎಸ್.ಡಿ. ಕಾರ್ಡೂ ಬಳಕೆಗೆ ಬಂದವು. ೧೫ ಮಿಲಿಮೀಟರು ಉದ್ದ, ೧೧ ಮಿಲಿಮೀಟರು ಅಗಲದ ಮೈಕ್ರೊ ಎಸ್.ಡಿ. ಕಾರ್ಡು ಅದೇ ವಂಶದ ಕಿರಿಯ ಕುಡಿ. ೩೨ ಗಿಗಾಬೈಟಿನ ಒಂದು ಕಾರ್ಡಿನಲ್ಲಿ ಸುಮಾರು ೩,೨೦೦ ಕೋಟಿ ಬೈಟುಗಳು ಹಿಡಿಯುತ್ತವೆ. ಕನ್ನಡದ ಒಂದೊಂದು ಲಿಪಿಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟುಗಳು ಬೇಕೆಂದು ಲೆಕ್ಕ ಹಾಕಿದರೂ ಸಾವಿರ ಕೋಟಿಗೂ ಮಿಕ್ಕಿದ ಚಿಹ್ನೆಗಳು ಅದರಲ್ಲಿ ಅಡಗುತ್ತವೆ.

ಒಂದು ಕೋಶದ ಕಥೆ

ಇಷ್ಟೊಂದು ಅಕ್ಷರಗಳು ಉಗುರಿನಷ್ಟು ಜಾಗದಲ್ಲಿ ನಿಲ್ಲುವುದು ಹೇಗೆ? ನವಲಗುಂದದ ಜಮಖಾನೆಯನ್ನು ನೋಡಿದವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಆ ಊರಿನ ಹೆಣ್ಣುಮಕ್ಕಳು ಮಗ್ಗದ ಮೇಲೆ ಉದ್ದನೆಯ ಎಳೆಗಳನ್ನು ಹಾಸಿ, ಅಡ್ಡ ಎಳೆಗಳನ್ನು ಹೊಗಿಸಿ, ಒಂದೊಂದು ಸಂಧಿಯಲ್ಲಿ ಯಾವ ಬಣ್ಣ ಬರಬೇಕೆಂಬುದನ್ನು ಗೊತ್ತುಮಾಡುತ್ತ ಹೋಗುತ್ತಾರೆ. ಸಂಧಿಗಳೆಲ್ಲ ಸೇರಿ ನವಿಲಾಗುತ್ತವೆ, ಹೂವಾಗುತ್ತವೆ, ಪಗಡೆಯ ಹಾಸಾಗುತ್ತವೆ. ಫ್ಲ್ಯಾಶ್ ಸ್ಮೃತಿಯಲ್ಲಿಯೂ ಸೂಕ್ಷ್ಮ ತಂತಿಗಳು ಹಾಸುಹೊಕ್ಕಾಗಿ ಹಬ್ಬಿವೆ. ಅವು ಕೂಡುವಲ್ಲೆಲ್ಲ ಒಂದೊಂದು ಕೋಶವಿದೆ. ಕೋಶದಲ್ಲಿ ವಿದ್ಯುದಂಶವು ತುಂಬಿದ್ದರೆ ಅದು ಸೊನ್ನೆ, ಬರಿದಾಗಿದ್ದರೆ ಒಂದು. ಸೊನ್ನೆ ಒಂದುಗಳ ಈ ನೇಯ್ಗೆಯೇ ಚಿತ್ರವೂ ಹಾಡೂ ಅಕ್ಷರವೂ ಆಗುತ್ತದೆ.

ಕೋಶದೊಳಗಿನ ಎಲೆಕ್ಟ್ರಾನುಗಳ ಸುತ್ತಲೂ ವಿದ್ಯುತ್ತು ಹರಿಯದಂತಹ ತೆಳುವಾದ ಸಿಲಿಕಾನ್ ಡೈಆಕ್ಸೈಡಿನ ಗೋಡೆಯಿರುತ್ತದೆ. ಹೆಚ್ಚಿನ ವೋಲ್ಟೇಜನ್ನು ಕೊಟ್ಟಾಗ ಎಲೆಕ್ಟ್ರಾನುಗಳು ಗೋಡೆಯನ್ನು ಹಾಯ್ದು ಒಳಸೇರುತ್ತವೆ. ವೋಲ್ಟೇಜು ಹೋದ ಮೇಲೆ ಹೊರಬರಲು ದಾರಿಯಿಲ್ಲದೆ ಅಲ್ಲಿಯೇ ಉಳಿಯುತ್ತವೆ. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳು ಉಳಿದಂತೆ ಇದು. ವಿದ್ಯುತ್ತು ಇಲ್ಲದಿದ್ದರೂ ಕಾರ್ಡಿನ ನೆನಪು ಅಳಿಯದಿರುವುದಕ್ಕೆ ಇದೇ ಕಾರಣ.

ಈ ಕೋಶಕ್ಕೆ ಎರಡು ದೌರ್ಬಲ್ಯಗಳುಂಟು. ಮೊದಲನೆಯದು, ಎಲೆಕ್ಟ್ರಾನುಗಳು ಹಾಯ್ದಾಗಲೆಲ್ಲ ಗೋಡೆಯು ಅಷ್ಟಷ್ಟು ಸವೆಯುತ್ತದೆ. ಒಂದೇ ಅಂಕಿಯನ್ನು ಹಿಡಿಯುವ ಕೋಶವು ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳಬಲ್ಲುದು. ಅಗ್ಗವಾಗಲೆಂದು ಒಂದೇ ಕೋಶದಲ್ಲಿ ಮೂರು ಅಂಕಿಗಳನ್ನು ತುಂಬಿದಾಗ ವಿದ್ಯುದಂಶದ ಎಂಟು ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾಗುತ್ತದೆ. ಆಗ ಆಯುಷ್ಯವು ಕೆಲವೇ ಸಾವಿರ ಸಲಕ್ಕೆ, ಕೆಲವೊಮ್ಮೆ ಸಾವಿರಕ್ಕೆ ಇಳಿಯುತ್ತದೆ. ಎರಡನೆಯದು ಅಳಿಸುವ ಕ್ರಮ. ಪಾಟಿಯ ಮೇಲೆ ಒಂದು ಅಕ್ಷರ ತಪ್ಪಿದರೆ ಅದನ್ನಷ್ಟೇ ಬೆರಳಿನಿಂದ ಒರೆಸಬಹುದು. ಫ್ಲ್ಯಾಶ್ ಸ್ಮೃತಿಯಲ್ಲಿ ಹಾಗೆ ಮಾಡಲಾಗದು. ಅಲ್ಲಿ ಒರೆಸುವುದಿದ್ದರೆ ಇಡೀ ಪಾಟಿಯನ್ನೇ ಒರೆಸಬೇಕು. ಆದುದರಿಂದ ಚಿಕ್ಕದೊಂದು ತಿದ್ದುಪಡಿಯಾದರೂ ಹೊಸ ಮಾತನ್ನು ಬೇರೆ ಖಾಲಿ ಜಾಗದಲ್ಲಿ ಬರೆದು, ಹಳೆಯ ಜಾಗಕ್ಕೆ 'ಇದು ಬೇಡವಾಯಿತು' ಎಂಬ ಗುರುತು ಹಾಕಿ, ಮುಂದೆ ಅನುಕೂಲ ನೋಡಿ ಅದನ್ನು ಅಳಿಸಬೇಕಾಗುತ್ತದೆ.

ಯಾವುದನ್ನು ಎಲ್ಲಿ ಬರೆಯಬೇಕು, ಯಾವ ಕೋಶ ಎಷ್ಟು ಸವೆದಿದೆ, ಯಾವುದಕ್ಕೆ ವಿಶ್ರಾಂತಿ ಕೊಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದಕ್ಕೆ ಪ್ರತಿಯೊಂದು ಕಾರ್ಡಿನೊಳಗೂ ನಿಯಂತ್ರಕವೆಂಬ ಪುಟ್ಟ ಚಿಪ್ಪು ಇರುತ್ತದೆ. ಜಾಣನಾದ ಒಕ್ಕಲಿಗನು ಒಂದೇ ಹೊಲದಲ್ಲಿ ಒಂದೇ ಬೆಳೆಯನ್ನು ಪ್ರತಿವರ್ಷ ತೆಗೆದು ಭೂಮಿಯನ್ನು ಬಳಲಿಸುವುದಿಲ್ಲ. ಜೋಳ, ಕಡಲೆ, ಹತ್ತಿಗಳನ್ನು ಸರದಿಯಂತೆ ಬಿತ್ತುತ್ತಾನೆ. ನಿಯಂತ್ರಕವೂ ಅದೇ ರೀತಿ ಕೆಲಸವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುತ್ತದೆ.

ಮನೆಯಲ್ಲಿ ಕಟ್ಟುವ ಬಗೆ

ಕಾರ್ಡುಗಳಿಂದ ಡ್ರೈವನ್ನು ಕಟ್ಟಲು ಎರಡು ಮಾರ್ಗಗಳುಂಟು. ಮೊದಲನೆಯದು ಹಳೆಯ ಗಣಕಯಂತ್ರಗಳಿಗೆ ಹೊಂದುವ ಮಾರ್ಗ. ಹಳೆಯ ಯಂತ್ರಗಳು ಐ.ಡಿ.ಇ. ಎಂಬ ಪದ್ಧತಿಯಲ್ಲಿ ಹಾರ್ಡ್ ಡಿಸ್ಕಿನೊಡನೆ ಮಾತನಾಡುತ್ತಿದ್ದವು. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೂ ಅದೇ ಭಾಷೆಯು ಬರುತ್ತದೆ. ಆದುದರಿಂದ ತಂತಿಗಳನ್ನು ಸರಿಯಾದ ಮೊನೆಗಳಿಗೆ ಸೇರಿಸುವ ಒಂದು ಸರಳವಾದ ಹಲಗೆಯಿದ್ದರೆ ಸಾಕು, ದುಭಾಷಿಯ ಅಗತ್ಯವಿಲ್ಲ. ಡಿಸ್ಕು ಕೆಟ್ಟು ಮೂಲೆ ಸೇರಿದ ಎಷ್ಟೋ ಹಳೆಯ ಯಂತ್ರಗಳು ಹೀಗೆ ಮತ್ತೆ ಜೀವ ತಳೆದಿವೆ.

ಎರಡನೆಯದು ಹಲವು ಕಾರ್ಡುಗಳನ್ನು ಜೋಡಿಸುವ ಮಾರ್ಗ. ನಾಲ್ಕು, ಆರು ಅಥವಾ ಹತ್ತು ಮೈಕ್ರೊ ಎಸ್.ಡಿ. ಕಾರ್ಡುಗಳನ್ನು ಸಿಕ್ಕಿಸುವ ಗೂಡುಗಳಿರುವ ಹಲಗೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಕಾರ್ಡುಗಳ ಭಾಷೆ ಬೇರೆ, ಇಂದಿನ ಯಂತ್ರಗಳು ಬಳಸುವ ಸಾಟಾ ಎಂಬ ಪದ್ಧತಿಯ ಭಾಷೆ ಬೇರೆ. ನಡುವೆ ನಿಂತು ಅನುವಾದ ಮಾಡುವ ಚಿಪ್ಪು ಆ ಹಲಗೆಯ ಮೇಲಿರುತ್ತದೆ. ಅದೇ ಈ ಸಾಧನದ ಯಜಮಾನ.

ಕಟ್ಟುವ ಕ್ರಮವು ಕಷ್ಟದ್ದಲ್ಲ. ಮೊದಲು ಒಂದೇ ತಯಾರಿಕೆಯ, ಒಂದೇ ಹಿಡಿತದ, ಒಂದೇ ವೇಗದ ಕಾರ್ಡುಗಳನ್ನು ಆಯ್ದುಕೊಳ್ಳಬೇಕು. ಒಂದು ಎತ್ತು ಬಲವಾಗಿದ್ದು ಇನ್ನೊಂದು ಬಡಕಲಾದರೆ ನೊಗವು ನಿಧಾನದ ಎತ್ತಿನ ನಡೆಗೇ ಹೊಂದಿಕೊಳ್ಳಬೇಕಾಗುವಂತೆ, ಕಾರ್ಡುಗಳಲ್ಲಿ ನಿಧಾನವಾದುದೇ ಎಲ್ಲದರ ವೇಗವನ್ನು ಗೊತ್ತುಮಾಡುತ್ತದೆ. ಎರಡನೆಯದಾಗಿ ಒಂದೊಂದು ಕಾರ್ಡನ್ನೂ ಪರೀಕ್ಷಿಸಬೇಕು. ಎಂಟು ಗಿಗಾಬೈಟಿನ ಚಿಪ್ಪಿಗೆ ನೂರಾರು ಗಿಗಾಬೈಟಿನ ಚೀಟಿಯನ್ನಂಟಿಸಿ ಮಾರುವ ಮೋಸಗಾರರಿದ್ದಾರೆ. ಅಂತಹ ಕಾರ್ಡು ತುಂಬುವವರೆಗೆ ಸಾಚಾ ಆಗಿಯೇ ತೋರುತ್ತದೆ. ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆದು ಎಲ್ಲವನ್ನೂ ಕೆಡಿಸುತ್ತದೆ. ಆದುದರಿಂದ ಕಾರ್ಡನ್ನು ಅಂಚಿನವರೆಗೆ ತುಂಬಿ, ತುಂಬಿದುದನ್ನು ಮತ್ತೆ ಓದಿ, ಎರಡೂ ಒಂದೇ ಆಗಿವೆಯೇ ಎಂದು ತಾಳೆ ನೋಡಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಅನಂತರ ಕಾರ್ಡುಗಳನ್ನು ಗೂಡುಗಳಲ್ಲಿ ಸಿಕ್ಕಿಸಿ, ಹಲಗೆಯನ್ನು ಯಂತ್ರಕ್ಕೆ ಜೋಡಿಸಿದರೆ ಯಂತ್ರದ ಕಣ್ಣಿಗೆ ನಾಲ್ಕು ಕಾರ್ಡುಗಳು ಕಾಣುವುದಿಲ್ಲ. ಒಂದೇ ದೊಡ್ಡ ಡ್ರೈವು ಕಾಣುತ್ತದೆ. ೩೨ ಗಿಗಾಬೈಟಿನ ನಾಲ್ಕು ಕಾರ್ಡುಗಳು ಸೇರಿ ೧೨೮ ಗಿಗಾಬೈಟಿನ ಒಂದು ಕಣಜವಾಗುತ್ತವೆ.

ಹಿಡಿತದ ಜೊತೆಗೆ ವೇಗವೂ ಹೆಚ್ಚುತ್ತದೆ. ಹೊಲದಿಂದ ಕಣಕ್ಕೆ ತೆನೆಯನ್ನು ಸಾಗಿಸಲು ಒಂದೇ ಚಕ್ಕಡಿಯಿದ್ದರೆ ಇಡೀ ದಿನ ಬೇಕು; ನಾಲ್ಕು ಚಕ್ಕಡಿಗಳಿದ್ದರೆ ಒಂದು ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ನಿಯಂತ್ರಕವು ಬಂದ ಮಾಹಿತಿಯನ್ನು ಸಣ್ಣ ತುಂಡುಗಳಾಗಿ ಸೀಳಿ, ಮೊದಲನೆಯದನ್ನು ಮೊದಲ ಕಾರ್ಡಿಗೆ, ಎರಡನೆಯದನ್ನು ಎರಡನೆಯ ಕಾರ್ಡಿಗೆ, ಹೀಗೆ ಏಕಕಾಲಕ್ಕೆ ಹಂಚುತ್ತದೆ. ಹತ್ತನೆಯ ವರ್ಗದ ಕಾರ್ಡು ಸೆಕೆಂಡಿಗೆ ಕನಿಷ್ಠ ೧೦ ಮೆಗಾಬೈಟ್ ಬರೆಯಬಲ್ಲುದು. ಅಂತಹ ಹತ್ತು ಕಾರ್ಡುಗಳು ಒಟ್ಟಾಗಿ, ಲೆಕ್ಕದ ಪ್ರಕಾರ, ನೂರು ಮೆಗಾಬೈಟನ್ನು ಬರೆಯಬಲ್ಲವು. ಅಂಗಡಿಯಲ್ಲಿ ಸಿಗುವ ಎಸ್.ಎಸ್.ಡಿ.ಯ ಒಳಗಡೆಯೂ ಇದೇ ತತ್ವವು ಕೆಲಸ ಮಾಡುತ್ತಿದೆ. ಅಲ್ಲಿಯೂ ಹಲವು ಚಿಪ್ಪುಗಳು ಹೆಗಲಿಗೆ ಹೆಗಲು ಕೊಟ್ಟು ಭಾರ ಹೊರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕಾಣದ ಈ ಕೂಡುಬಾಳು ಮನೆಯಲ್ಲಿ ಕಟ್ಟಿದ ಸಾಧನದಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದು ಮುರಿದರೆ

ಇಲ್ಲಿಯವರೆಗೆ ಎಲ್ಲವೂ ಲಾಭವಾಗಿಯೇ ತೋರಿತು. ಈಗ ಹಾನಿಯ ಪಕ್ಷವನ್ನು ನೋಡಬೇಕು.

ಮಾಹಿತಿಯನ್ನು ನಾಲ್ಕು ಕಾರ್ಡುಗಳಲ್ಲಿ ಹಂಚಿದಾಗ ಯಾವ ಒಂದು ಕಾರ್ಡಿನಲ್ಲಿಯೂ ಪೂರ್ಣವಾದ ಮಾತು ಇರುವುದಿಲ್ಲ. ಒಂದು ಚಿತ್ರವನ್ನು ನಾಲ್ಕು ತುಂಡು ಮಾಡಿ ನಾಲ್ವರ ಕೈಯಲ್ಲಿ ಕೊಟ್ಟಂತಾಯಿತು. ನಾಲ್ವರಲ್ಲಿ ಒಬ್ಬನು ಬರದಿದ್ದರೂ ಚಿತ್ರವು ಹಾಳು. ಲೆಕ್ಕವಾಗಿ ಹೇಳುವುದಾದರೆ, ಒಂದು ಕಾರ್ಡು ವರ್ಷದೊಳಗೆ ಕೆಡುವ ಸಂಭವವು ಇಪ್ಪತ್ತರಲ್ಲಿ ಒಂದು ಎಂದು ಭಾವಿಸೋಣ. ಆಗ ಅದು ಉಳಿಯುವ ಸಂಭವವು ನೂರಕ್ಕೆ ೯೫. ನಾಲ್ಕೂ ಉಳಿಯುವ ಸಂಭವವನ್ನು ತಿಳಿಯಲು ೦.೯೫ನ್ನು ನಾಲ್ಕು ಸಲ ಗುಣಿಸಬೇಕು. ಬರುವ ಉತ್ತರವು ಸುಮಾರು ೦.೮೧. ಎಂದರೆ ಇಡೀ ಡ್ರೈವು ನಾಶವಾಗುವ ಸಂಭವವು ನೂರಕ್ಕೆ ಐದರಿಂದ ಹತ್ತೊಂಬತ್ತರ ಹತ್ತಿರಕ್ಕೆ ಏರಿತು. ಹತ್ತು ಕಾರ್ಡುಗಳಿದ್ದರೆ ಅದು ನೂರಕ್ಕೆ ನಲವತ್ತಕ್ಕೆ ಮುಟ್ಟುತ್ತದೆ. ಕಾರ್ಡುಗಳನ್ನು ಕೂಡಿಸಿದಷ್ಟೂ ಕಣಜವು ದೊಡ್ಡದಾಗುತ್ತದೆ. ಅದರೊಡನೆ ಅಪಾಯವೂ ದೊಡ್ಡದಾಗುತ್ತದೆ.

ಈ ತೊಡಕನ್ನು ಬಿಡಿಸುವ ಉಪಾಯಗಳನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಎಂಬ ವಿದ್ವಾಂಸರು ೧೯೮೮ರಲ್ಲಿ ಕ್ರಮಬದ್ಧವಾಗಿ ವಿವರಿಸಿದರು. ಅವರ ಮುಂದಿದ್ದ ಪ್ರಶ್ನೆಯೂ ಇದೇ ಆಗಿತ್ತು: ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ನಂಬುವುದು ಹೇಗೆ?

ಮೊದಲ ಉಪಾಯವು ಪ್ರತಿಬಿಂಬ. ಒಂದೇ ಮಾತನ್ನು ಎರಡು ಕಾರ್ಡುಗಳಲ್ಲಿಯೂ ಬರೆದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಹಿಂದಿನ ಲೆಕ್ಕದಂತೆ ಎರಡೂ ಕೆಡುವ ಸಂಭವವು ನಾನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಆದರೆ ಹಿಡಿತವು ಅರ್ಧವಾಗುತ್ತದೆ.

ಎರಡನೆಯ ಉಪಾಯವು ಇನ್ನೂ ಚತುರವಾದುದು. ಮೂರು ಕಾರ್ಡುಗಳಲ್ಲಿ ಮಾಹಿತಿಯನ್ನು ಬರೆದು, ನಾಲ್ಕನೆಯದರಲ್ಲಿ ಆ ಮೂರರ ಸಮ-ಬೆಸದ ಲೆಕ್ಕವನ್ನು ಬರೆಯಬೇಕು. ಒಂದು ಸ್ಥಾನದಲ್ಲಿ ಮೂರು ಕಾರ್ಡುಗಳ ಅಂಕಿಗಳು ೧, ೦, ೧ ಆಗಿವೆಯೆನ್ನೋಣ. ಒಂದುಗಳ ಸಂಖ್ಯೆ ಎರಡು, ಅದು ಸಮ. ಆದುದರಿಂದ ನಾಲ್ಕನೆಯ ಕಾರ್ಡಿನಲ್ಲಿ ೦ ಬರೆಯಬೇಕು. ಮೂರನೆಯ ಕಾರ್ಡು ಕೆಟ್ಟುಹೋಯಿತು. ಉಳಿದವು ೧, ೦ ಮತ್ತು ಲೆಕ್ಕದ ೦. ಒಟ್ಟು ಒಂದುಗಳು ಸಮವಾಗಿರಬೇಕಾದರೆ ಕಳೆದುಹೋದ ಅಂಕಿಯು ೧ ಆಗಿಯೇ ಇರಬೇಕು. ಹೀಗೆ ಒಂದೊಂದೇ ಸ್ಥಾನವನ್ನು ಬಿಡಿಸುತ್ತ ಹೋದರೆ ಕೆಟ್ಟ ಕಾರ್ಡಿನ ಸಮಸ್ತವನ್ನೂ ಮರಳಿ ಪಡೆಯಬಹುದು. ಅಗ್ಗದ ಹಲಗೆಗಳಲ್ಲಿ ಸಾಮಾನ್ಯವಾಗಿ ಈ ಉಪಾಯವಿರುವುದಿಲ್ಲ. ಅವು ಬರಿಯ ಹಂಚುವ ಕೆಲಸವನ್ನಷ್ಟೇ ಮಾಡುತ್ತವೆ. ಆದರೆ ಕಾರ್ಡುಗಳನ್ನು ಬೇರೆಬೇರೆ ಓದುಗೂಡುಗಳಲ್ಲಿ ಸಿಕ್ಕಿಸಿದರೆ ಲಿನಕ್ಸ್‌ನಂತಹ ವ್ಯವಸ್ಥೆಯಲ್ಲಿ ತಂತ್ರಾಂಶವೇ ಈ ಲೆಕ್ಕವನ್ನು ನೋಡಿಕೊಳ್ಳಬಲ್ಲುದು.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಈ ಲೆಕ್ಕವೆಲ್ಲ ಕಾರ್ಡುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆಂಬ ಭಾವನೆಯ ಮೇಲೆ ನಿಂತಿದೆ. ಎಲ್ಲ ಕಾರ್ಡುಗಳೂ ಒಂದೇ ಹಲಗೆಯ ಮೇಲಿದ್ದಾಗ ಒಂದೇ ಸಿಡಿಲು, ಒಂದೇ ವೋಲ್ಟೇಜಿನ ಏರುಪೇರು, ಬೇಸಿಗೆಯ ಒಂದೇ ಝಳ ಎಲ್ಲವನ್ನೂ ಒಟ್ಟಿಗೆ ಕೊಲ್ಲಬಲ್ಲುದು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಯಾವುದು ಎಲ್ಲಿದೆ ಎಂಬ ಪಟ್ಟಿಯೇ ಅಸ್ತವ್ಯಸ್ತವಾಗಬಹುದು. ಬಳಸದೆ ಇಟ್ಟ ಹೊಸ ಕೋಶಗಳಲ್ಲಿ ವಿದ್ಯುದಂಶವು ಸುಮಾರು ಹತ್ತು ವರ್ಷ ನಿಲ್ಲುವುದೆಂದು ಎಣಿಕೆ. ಸವೆದ ಕೋಶಗಳಲ್ಲಿ, ಹೆಚ್ಚು ಕಾವಿನಲ್ಲಿ, ಅದು ಇನ್ನೂ ಬೇಗ ಸೋರಿಹೋಗುತ್ತದೆ.

ಹಾಗಾದರೆ ಮನೆಯಲ್ಲಿ ಕಟ್ಟಿದ ಡ್ರೈವು ಕೊಂಡ ಡ್ರೈವಿಗೆ ಸಮವೇ? ಅಲ್ಲವೆಂದೇ ಹೇಳಬೇಕು. ಮೆಮರಿ ಕಾರ್ಡು ಚಿತ್ರ, ಚಲನಚಿತ್ರಗಳಂತಹ ಉದ್ದನೆಯ ಬರಹಕ್ಕಾಗಿ ಹುಟ್ಟಿದುದು. ಗಣಕಯಂತ್ರವಾದರೋ ಕ್ಷಣಕ್ಷಣವೂ ಅಲ್ಲೊಂದು ಇಲ್ಲೊಂದು ಚಿಕ್ಕ ಟಿಪ್ಪಣಿಯನ್ನು ಬರೆಯುತ್ತಲೇ ಇರುತ್ತದೆ. ಅಂತಹ ಕೆಲಸದಲ್ಲಿ ಕಾರ್ಡಿನ ಪುಟ್ಟ ನಿಯಂತ್ರಕವು ಏದುತ್ತದೆ. ಕೊಂಡ ಡ್ರೈವಿನ ನಿಯಂತ್ರಕವು ಹೆಚ್ಚು ಬಲಶಾಲಿ. ಸವೆತವನ್ನು ಹಂಚುವುದರಲ್ಲಿ, ತಪ್ಪನ್ನು ತಿದ್ದುವುದರಲ್ಲಿ ಅದು ಹೆಚ್ಚು ನಿಪುಣ. ಹಲಗೆಯ ಮತ್ತು ಒಳ್ಳೆಯ ಕಾರ್ಡುಗಳ ಬೆಲೆಯನ್ನು ಕೂಡಿಸಿದರೆ ಅಗ್ಗವೂ ಆಗದಿರಬಹುದು. ಕಟ್ಟಿದ ಡ್ರೈವು ಕಲಿಯುವುದಕ್ಕೆ ಶ್ರೇಷ್ಠ. ಕಳೆದುಕೊಳ್ಳಲಾಗದ ವಸ್ತುವನ್ನು ಅದೊಂದರಲ್ಲಿಯೇ ಇಡುವುದು ಅವಿವೇಕ.

ಪ್ರತಿಯೇ ಪ್ರಾಣ

ಕಳೆದುಕೊಳ್ಳಲಾಗದ ವಸ್ತುವನ್ನು ಹೇಗೆ ಕಾಯಬೇಕು? ಈ ಪ್ರಶ್ನೆಗೆ ಉತ್ತರವು ಧಾರವಾಡದ ನೆಲದಲ್ಲಿಯೇ ಸಾವಿರ ವರ್ಷಗಳ ಹಿಂದೆ ದೊರೆತಿದೆ. ಲಕ್ಕುಂಡಿಯು ಇಂದು ಗದಗ ಜಿಲ್ಲೆಯಲ್ಲಿದೆ. ೧೯೯೭ರವರೆಗೆ ಅದು ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯನ್ನೂ ಲಿಪಿಕಾರನು ಕಂಟದಿಂದ ಕೊರೆಯಬೇಕಾಗಿದ್ದಿತು. ಓಲೆಗರಿಗೆ ಗೆದ್ದಲಿನ ಭಯ, ಬೆಂಕಿಯ ಭಯ, ನೀರಿನ ಭಯ. ಸಾವಿರ ಪ್ರತಿಗಳು ಸಾವಿರ ಕಡೆ ಇದ್ದಾಗ ಯಾವ ಒಂದು ಬೆಂಕಿಯೂ ಎಲ್ಲವನ್ನೂ ಸುಡಲಾರದು. ಪ್ರತಿಗಳು ಇರಬೇಕು, ಅವು ಬೇರೆಬೇರೆ ಕಡೆ ಇರಬೇಕು ಎಂಬ ತತ್ವವನ್ನು ಅವಳ ದಾನವು ಆಚರಿಸಿ ತೋರಿತು.

ಆದಿಕವಿ ಪಂಪನು ೯೪೧ರಲ್ಲಿ ಆದಿಪುರಾಣವನ್ನು ರಚಿಸಿದನು. ಅವನು ತನ್ನ ಕೈಯಿಂದ ಬರೆದ ಓಲೆಯು ಇಂದು ಉಳಿದಿಲ್ಲ. ಕಾವ್ಯವು ಉಳಿದುದು ತಲೆಮಾರಿನಿಂದ ತಲೆಮಾರಿಗೆ ಲಿಪಿಕಾರರು ಹಳೆಯ ಗರಿಗಳಿಂದ ಹೊಸ ಗರಿಗಳಿಗೆ ನಕಲು ಮಾಡುತ್ತ ಬಂದುದರಿಂದ. ಅವನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಮನೆತನದವಳೆಂಬ ಸಂಗತಿಯು ತಿಳಿದುದು ಅವನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ. ಕಲ್ಲು ತಾನಾಗಿಯೇ ಉಳಿಯಿತು. ಓಲೆಯನ್ನು ಜನರು ಉಳಿಸಿದರು. ೧೯೩೯ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯಂತಹ ಸಂಸ್ಥೆಗಳು ಓಲೆಗರಿಗಳನ್ನೂ ಶಾಸನಗಳ ಪ್ರತಿಗಳನ್ನೂ ಹುಡುಕಿ ಕೂಡಿಸಿದುದು ಇದೇ ಕಾರ್ಯದ ಮುಂದುವರಿಕೆ.

ಮೆಮರಿ ಕಾರ್ಡು ಕಲ್ಲಿನ ಜಾತಿಗೆ ಸೇರಿದುದಲ್ಲ, ಓಲೆಗರಿಯ ಜಾತಿಗೆ ಸೇರಿದುದು. ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ನಕಲು ಮಾಡದಿದ್ದರೆ ಅದು ಸದ್ದಿಲ್ಲದೆ ಬರಿದಾಗುತ್ತದೆ. ಗೆದ್ದಲು ತಿಂದ ಗರಿಯಲ್ಲಿ ತೂತಾದರೂ ಕಾಣುತ್ತದೆ. ಬರಿದಾದ ಕಾರ್ಡು ಹೊರಗಿನಿಂದ ಹೊಸದರಂತೆಯೇ ಇರುತ್ತದೆ. ಇಂದು ಕಲಘಟಗಿಯ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ಹಾಡುವ ಬೀಸುವ ಪದವನ್ನು ಮೊಮ್ಮಗಳು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಬಹುದು. ಆ ಪದವನ್ನು ಬಲ್ಲವರು ಊರಿನಲ್ಲಿ ಬೇರೆ ಯಾರೂ ಇಲ್ಲದಿರಬಹುದು. ಮುದುಕಿಯು ತೀರಿಕೊಂಡ ಮೇಲೆ ಉಗುರಿನಷ್ಟಗಲದ ಆ ಕಾರ್ಡೊಂದೇ ಅದರ ನೆಲೆ. ಕಾರ್ಡು ಕೆಟ್ಟರೆ ಕಳೆದುಹೋಗುವುದು ಕೆಲವು ರೂಪಾಯಿಗಳ ವಸ್ತುವಲ್ಲ, ತಲೆಮಾರುಗಳು ಕೂಡಿಟ್ಟ ಗಂಟು. ಆ ಪದದ ಇನ್ನೊಂದು ಪ್ರತಿಯು ಶಾಲೆಯ ಗಣಕಯಂತ್ರದಲ್ಲಿದ್ದರೆ, ಮತ್ತೊಂದು ಪ್ರತಿಯು ಪರವೂರಿನ ಬಂಧುವಿನ ಬಳಿಯಿದ್ದರೆ, ಅದರ ಸಾಹಿತ್ಯವನ್ನು ಯಾರಾದರೂ ಕಾಗದದ ಮೇಲೆ ಬರೆದಿಟ್ಟಿದ್ದರೆ ಭಯವಿಲ್ಲ.

ಕಾರ್ಡುಗಳಿಂದ ಡ್ರೈವನ್ನು ಕಟ್ಟುವ ವಿದ್ಯಾರ್ಥಿಯು ಒಂದು ಯಂತ್ರವನ್ನಷ್ಟೇ ಕಟ್ಟುವುದಿಲ್ಲ. ಕೂಡಿದರೆ ಬಲ ಹೆಚ್ಚುವುದೆಂಬುದನ್ನೂ, ಕೂಡಿದ್ದನ್ನು ಲೆಕ್ಕವಿಟ್ಟು ನೋಡಿಕೊಳ್ಳದಿದ್ದರೆ ಅದೇ ಬಲವು ಅಪಾಯವಾಗುವುದೆಂಬುದನ್ನೂ ಅವನು ಕೈಯಾರೆ ಕಲಿಯುತ್ತಾನೆ. ಕಾರ್ಡಿನ ಹಿಡಿತವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋಗುವುದು. ಅದರಲ್ಲಿ ಏನನ್ನು ಇಡಬೇಕು, ಇಟ್ಟುದನ್ನು ಎಷ್ಟು ಕಡೆ ಇಡಬೇಕು, ಯಾವಾಗ ತೆರೆದು ನೋಡಬೇಕು ಎಂಬುದನ್ನು ಮಾತ್ರ ಮನುಷ್ಯನೇ ನಿರ್ಧರಿಸಬೇಕು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಹಗೇವು ಎಂದರೇನು?
೨. ಫ್ಲ್ಯಾಶ್ ಸ್ಮೃತಿಗೆ ಆ ಹೆಸರು ಬರಲು ಕಾರಣವೇನು?
೩. ಅತ್ತಿಮಬ್ಬೆಯು ಯಾವ ಕೃತಿಯ ಪ್ರತಿಗಳನ್ನು ಹಂಚಿದಳು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
೧. ನವಲಗುಂದದ ಜಮಖಾನೆಗೂ ಫ್ಲ್ಯಾಶ್ ಸ್ಮೃತಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.
೨. ಕಾರ್ಡುಗಳನ್ನು ಜೋಡಿಸುವ ಮುನ್ನ ಅವುಗಳನ್ನು ಪರೀಕ್ಷಿಸಬೇಕು, ಏಕೆ?
೩. ಮೂರು ಕಾರ್ಡುಗಳ ಅಂಕಿಗಳು ೧, ೧, ೧ ಆಗಿದ್ದರೆ ನಾಲ್ಕನೆಯ ಕಾರ್ಡಿನಲ್ಲಿ ಯಾವ ಅಂಕಿ ಬರಬೇಕು? ಎರಡನೆಯ ಕಾರ್ಡು ಕೆಟ್ಟರೆ ಅದರ ಅಂಕಿಯನ್ನು ಹೇಗೆ ಕಂಡುಹಿಡಿಯುವಿರಿ?

ಇ. ವಿವರವಾಗಿ ಉತ್ತರಿಸಿರಿ.
೧. 'ಕಣಜವು ದೊಡ್ಡದಾದಂತೆ ಅಪಾಯವೂ ದೊಡ್ಡದಾಗು‌ತ್ತದೆ.' ಈ ಮಾತನ್ನು ಲೆಕ್ಕದ ಸಹಾಯದಿಂದ ಸಮರ್ಥಿಸಿರಿ.
೨. 'ಮೆಮರಿ ಕಾರ್ಡು ಓಲೆಗರಿಯ ಜಾತಿಗೆ ಸೇರಿದುದು.' ಚರ್ಚಿಸಿರಿ.

ಈ. ಮಾಡಿ ನೋಡಿರಿ.
ನಿಮ್ಮ ಊರಿನ ಹಿರಿಯರೊಬ್ಬರಿಂದ ಒಂದು ಹಾಡನ್ನೋ ಕಥೆಯನ್ನೋ ಕೇಳಿ ಬರೆದುಕೊಳ್ಳಿರಿ. ಅದರ ಮೂರು ಪ್ರತಿಗಳನ್ನು ಮಾಡಿ ಮೂರು ಬೇರೆ ಕಡೆ ಇಡಿರಿ. ಯಾವ ಪ್ರತಿ ಎಲ್ಲಿದೆ ಎಂಬುದನ್ನು ಗುರುತು ಮಾಡಿಕೊಳ್ಳಿರಿ.